ಆರ್‌ಎಫ್ ಜನರೇಟರಿನ 25 ಪಿನ್ ಕನೆಕ್ಟರ್: ಮಾನಿಟರ್ ವೋಲ್ಟೇಜು ಪ್ಯಾನೆಲ್ಲಿನ ಅಂಕಿಗೆ ಹೊಂದುತ್ತಿಲ್ಲ

ಪ್ರಶ್ನೆ: ಹಾಸನದ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಪ್ರಯೋಗಾಲಯದಲ್ಲಿ ಗಾಜಿನ ಮೇಲೆ ಆಕ್ಸೈಡಿನ ತೆಳು ಪದರ ಕೂರಿಸುವ ಹಳೆಯ ಸ್ಪಟರಿಂಗ್ ಯಂತ್ರವಿದೆ. ಅದರಲ್ಲಿ ಪ್ಲಾಸ್ಮಾ ಹೊತ್ತಿಸುವ ಆರ್‌ಎಫ್ (ರೇಡಿಯೋ ಆವರ್ತನದ) ಜನರೇಟರ್ 13.56 ಮೆಗಾಹರ್ಟ್ಸ್‌ನದು, ಗರಿಷ್ಠ 600 ವಾಟ್‌ನದು. ಯಂತ್ರದ ಜೊತೆ ಬಂದಿದ್ದ ನಿಯಂತ್ರಣ ಪೆಟ್ಟಿಗೆ ನಾನು ಕೆಲಸಕ್ಕೆ ಸೇರುವ ಮೊದಲೇ ಕೆಟ್ಟು ಗುಜರಿಗೆ ಹೋಗಿದೆ. ಕೈಪಿಡಿಯಲ್ಲಿ ಉಳಿದಿರುವುದು ಹಿಂಬದಿಯ 25 ಪಿನ್ ಕನೆಕ್ಟರಿನ ವಿವರವಿರುವ ಒಂದು ಹಾಳೆಯ ಜೆರಾಕ್ಸ್ ಮಾತ್ರ, ಅದರಲ್ಲೂ ಮಡಿಕೆ ಬಿದ್ದ ಕಡೆ ಎರಡು ಸಾಲು ಅಳಿಸಿವೆ. ಇಷ್ಟು ದಿನ ಮುಂಭಾಗದ ಗುಂಡಿ ತಿರುಗಿಸಿಯೇ ನಡೆಸುತ್ತಿದ್ದೆವು. ಈಗ ನಾಲ್ಕು ಗಂಟೆ ಹಿಡಿಯುವ ಪದರಗಳನ್ನು ಮಾಡಬೇಕಾಗಿರುವುದರಿಂದ, ಕಂಪ್ಯೂಟರಿಗೆ ಜೋಡಿಸಿದ ಡೇಟಾ ಕಾರ್ಡಿನಿಂದಲೇ ಪವರ್ ನಿಗದಿಪಡಿಸಿ ದಾಖಲಿಸಿಕೊಳ್ಳೋಣವೆಂದು ರಿಮೋಟ್ ಕ್ರಮಕ್ಕೆ ಹೊರಳಿದ್ದೇವೆ.

ಹಾಳೆಯ ಪ್ರಕಾರ ಸೆಟ್‌ಪಾಯಿಂಟಿಗೆ, ಅಂದರೆ ಎಷ್ಟು ಪವರ್ ಬೇಕೆಂದು ಹೇಳುವ ಪಿನ್ನಿಗೆ, 0–10 ವೋಲ್ಟ್ ಕೊಟ್ಟರೆ 0–600 ವಾಟ್ ಬರುತ್ತದೆ, ಅಂದರೆ ವೋಲ್ಟಿಗೆ 60 ವಾಟ್. ಹೊರಟ ಪವರನ್ನು ತೋರಿಸುವ ಫಾರ್ವರ್ಡ್ ಪವರ್ ಮಾನಿಟರಿಗೂ ಅದೇ ಲೆಕ್ಕ. ರಿಫ್ಲೆಕ್ಟೆಡ್ ಪವರಿನ, ಅಂದರೆ ಜನರೇಟರಿಗೇ ಮರಳುವ ಪವರಿನ, ಸಾಲು ಅಳಿಸಿದೆ. ಅದಕ್ಕೂ ಅದೇ ಇರಬೇಕೆಂದುಕೊಂಡಿದ್ದೇನೆ. ಇವಲ್ಲದೆ ಆರ್‌ಎಫ್ ಆನ್ ಆಜ್ಞೆ, ಇಂಟರ್‌ಲಾಕಿಗೆ (ಸುರಕ್ಷೆ ತಪ್ಪಿದರೆ ಆರ್‌ಎಫ್ ಆರಿಸುವ ವ್ಯವಸ್ಥೆಗೆ) ಎರಡು ಪಿನ್, ಆರ್‌ಎಫ್ ಹೊತ್ತಿದೆಯೆಂದು ತಿಳಿಸುವ ಸ್ಥಿತಿ ಸಂಕೇತ, 24 ವೋಲ್ಟಿನ ಸರಬರಾಜು, ಜೊತೆಗೆ ‘ರಿಟರ್ನ್’ ಎಂದು ಬರೆದ ಏಳೆಂಟು ಪಿನ್‌ಗಳಿವೆ. ಅಷ್ಟೊಂದು ರಿಟರ್ನ್ ಏಕೆಂದು ತಿಳಿಯದೆ, ಅವನ್ನೆಲ್ಲ ಕನೆಕ್ಟರಿನ ಹತ್ತಿರವೇ ಒಟ್ಟಿಗೆ ಬೆಸೆದು ಒಂದೇ ತಂತಿಯಲ್ಲಿ ನಮ್ಮ ಪೆಟ್ಟಿಗೆಗೆ ತಂದಿದ್ದೇನೆ. ಕೇಬಲ್ ಸಾಧಾರಣ 12 ಎಳೆಯದು, ಶೀಲ್ಡ್ (ಸುತ್ತಲಿನ ಲೋಹದ ಹೊದಿಕೆ) ಇಲ್ಲ, ಉದ್ದ 4 ಮೀಟರ್, ಒಂದೊಂದು ಎಳೆ 0.14 ಚದರ ಮಿ.ಮೀ. ಪೆಟ್ಟಿಗೆಯಲ್ಲಿ 24 ವೋಲ್ಟಿನ ಒಂದು ರಿಲೇ ಮತ್ತು ಒಂದು ಸಣ್ಣ ದೀಪ ಇವೆ, ಎರಡಕ್ಕೂ ಜನರೇಟರಿನ 24 ವೋಲ್ಟ್ ಪಿನ್ನಿನಿಂದಲೇ ಕರೆಂಟು. ಚೇಂಬರಿನ ಮುಚ್ಚಳ, ನಿರ್ವಾತ, ತಂಪು ನೀರಿನ ಹರಿವು, ಈ ಮೂರರ ಸ್ವಿಚ್‌ಗಳೂ ಸಾಲಾಗಿ ಕೂಡಿಕೊಂಡರೆ ರಿಲೇ ಎಳೆದು ಇಂಟರ್‌ಲಾಕಿನ ಎರಡು ಪಿನ್‌ಗಳನ್ನು ಸೇರಿಸುತ್ತದೆ.

ಈಗ ತೊಂದರೆಗಳನ್ನು ಹೇಳುತ್ತೇನೆ. ಆರ್‌ಎಫ್ ಆರಿರುವಾಗ ಫಾರ್ವರ್ಡ್ ಮಾನಿಟರ್ ಮೈನಸ್ 0.02 ವೋಲ್ಟ್ ತೋರಿಸುತ್ತದೆ. ಚೇಂಬರಿನ ಮುಚ್ಚಳ ತೆರೆದರೆ ಅದು 0.00 ಆಗುತ್ತದೆ. ಇದು ನನಗೆ ಒಗಟು. ಪ್ಲಾಸ್ಮಾ ಹೊತ್ತಿದ ಮೇಲೆ ಪ್ಯಾನೆಲ್ 100 ವಾಟ್ ಎನ್ನುವಾಗ 1.67 ಬರಬೇಕಾದಲ್ಲಿ 1.90 ವೋಲ್ಟ್ ಬರುತ್ತದೆ, 300 ವಾಟ್ ಎನ್ನುವಾಗ 5.00 ಬದಲು 5.60 ವೋಲ್ಟ್ ಬರುತ್ತದೆ. ಕೈಯಲ್ಲಿ ಹಿಡಿಯುವ ಮಲ್ಟಿಮೀಟರಿನಲ್ಲಿ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ರಿಫ್ಲೆಕ್ಟೆಡ್ ಪವರ್ ಪ್ಯಾನೆಲ್ಲಿನಲ್ಲಿ 2 ವಾಟ್, ಮಾನಿಟರಿನಲ್ಲಿ 0.40 ವೋಲ್ಟ್, ಅಂದರೆ ನನ್ನ ಲೆಕ್ಕದಲ್ಲಿ 24 ವಾಟ್. ಕೇಬಲನ್ನು ಮೇಜಿನ ಮೇಲಿಂದ ನೆಲಕ್ಕೆ ಇಳಿಬಿಟ್ಟರೆ ಅಂಕಿಗಳು ಬದಲಾಗುತ್ತವೆ. ಸ್ಥಿತಿ ಸಂಕೇತದ ಪಿನ್ ಸತ್ತಂತಿದೆ, ಮೀಟರ್ ಇಟ್ಟರೆ ಯಾವಾಗಲೂ ಸೊನ್ನೆ. ಇದರ ಮೇಲೆ ದಿನಕ್ಕೆ ಮೂರ್ನಾಲ್ಕು ಸಲ, ವಿಶೇಷವಾಗಿ ಬೆಳಗಿನ ಹೊತ್ತು, ಇಂಟರ್‌ಲಾಕ್ ಬಿಟ್ಟುಕೊಂಡು ಪ್ಲಾಸ್ಮಾ ಆರಿ ಪದರ ಹಾಳಾಗುತ್ತದೆ.

ಅರ್ಥಿಂಗ್ ಸರಿಯಿಲ್ಲವೆಂದು ಎಲೆಕ್ಟ್ರಿಷಿಯನ್ ಹೇಳಿದ್ದರಿಂದ ಕಟ್ಟಡದ ಹಿಂದೆ ಹೊಸ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ, ಸುಮಾರು 10 ಮೀಟರ್ ತಂತಿ ಎಳೆಸಿದೆವು. ಕಿಂಚಿತ್ತೂ ವ್ಯತ್ಯಾಸವಾಗಲಿಲ್ಲ. ಇಂಟರ್‌ಲಾಕಿನ ಎರಡು ಪಿನ್‌ಗಳನ್ನು ತುಂಡು ತಂತಿಯಿಂದ ಕೂಡಿಸಿಬಿಡೋಣವೇ ಎಂದು ವಿದ್ಯಾರ್ಥಿಗಳು ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಬೇಲೂರು ರಸ್ತೆಯ ನಿವೃತ್ತ

ಮೇಡಂ, ನಿಮಗೆ ಒಗಟಾಗಿರುವ ಆ ಮೈನಸ್ 0.02 ವೋಲ್ಟಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ನೀವು ಬರೆದಿರುವುದರಲ್ಲಿ ಅತ್ಯಂತ ಉಪಯುಕ್ತವಾದ ಮಾಹಿತಿ ಅದೇ. ಪವರ್ ಎಂಬುದು ಸೊನ್ನೆಗಿಂತ ಕಡಿಮೆ ಇರಲಾರದು. ಆದ್ದರಿಂದ ಆ ಅಂಕಿ ಜನರೇಟರಿನಿಂದ ಬಂದದ್ದಲ್ಲ, ತಂತಿಯಲ್ಲಿ ಹುಟ್ಟಿದ್ದು. 0.14 ಚದರ ಮಿ.ಮೀ. ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.12 ಓಮ್ ರೋಧವಿರುತ್ತದೆ, 4 ಮೀಟರಿಗೆ ಅರ್ಧ ಓಮ್. ನಿಮ್ಮ ರಿಲೇಯ ಸುರುಳಿ 600 ಓಮ್‌ನ ಸಾಮಾನ್ಯ ಜಾತಿಯದಾದರೆ 40 ಮಿಲಿಆಂಪಿಯರ್, ದೀಪಕ್ಕೆ ಒಂದು 10 ಎಂದುಕೊಂಡರೆ ಒಟ್ಟು 50 ಮಿಲಿಆಂಪಿಯರ್ ಆ ಒಂಟಿ ರಿಟರ್ನ್ ತಂತಿಯ ಮೂಲಕವೇ ಜನರೇಟರಿಗೆ ಮರಳಬೇಕು. ಅರ್ಧ ಓಮ್‌ನಲ್ಲಿ 50 ಮಿಲಿಆಂಪಿಯರ್ ಹರಿದರೆ 25 ಮಿಲಿವೋಲ್ಟ್. ನಿಮ್ಮ ಪೆಟ್ಟಿಗೆಯ ಸೊನ್ನೆ ಜನರೇಟರಿನ ಸೊನ್ನೆಗಿಂತ ಅಷ್ಟು ಮೇಲೆ ನಿಂತಿರುವುದರಿಂದ ಮಾನಿಟರ್ ಅಷ್ಟೇ ಕೆಳಗೆ ಕಾಣುತ್ತದೆ. ಮುಚ್ಚಳ ತೆರೆದೊಡನೆ ರಿಲೇ ಬಿಡುತ್ತದೆ, ದೀಪ ಆರುತ್ತದೆ, ತಂತಿಯಲ್ಲಿ ಕರೆಂಟಿಲ್ಲ, ಅಂಕಿ ಸೊನ್ನೆಗೆ ಬರುತ್ತದೆ.

ಇದೇ 25 ಮಿಲಿವೋಲ್ಟ್ ಸೆಟ್‌ಪಾಯಿಂಟಿನ ಮೇಲೆ ತಿರುಗುಮುರುಗಾಗಿ ಕೆಲಸ ಮಾಡುತ್ತದೆ. ನಿಮ್ಮ ಕಾರ್ಡ್ ತನ್ನ ಸೊನ್ನೆಯಿಂದ ಅಳೆದು ಕೊಡುವ ವೋಲ್ಟೇಜಿಗೆ ಜನರೇಟರಿನ ಕಡೆ 25 ಮಿಲಿವೋಲ್ಟ್ ಕೂಡಿಕೊಳ್ಳುತ್ತದೆ. ವೋಲ್ಟಿಗೆ 60 ವಾಟ್‌ನಂತೆ ಅದು ಒಂದೂವರೆ ವಾಟ್. ಅಂದರೆ ನೀವು ಕೇಳಿದ್ದಕ್ಕಿಂತ ಒಂದೂವರೆ ವಾಟ್ ಹೆಚ್ಚು ಹೊರಡುತ್ತದೆ, ಹೊರಟದ್ದಕ್ಕಿಂತ ಒಂದೂವರೆ ವಾಟ್ ಕಡಿಮೆ ಕಾಣುತ್ತದೆ. 300 ವಾಟ್‌ನಲ್ಲಿ ಇದು ಲೆಕ್ಕಕ್ಕಿಲ್ಲ, ಆದರೆ 20 ವಾಟ್‌ನಲ್ಲಿ ಪದರ ಕೂರಿಸುವ ದಿನ ಬಂದರೆ ಕಾಡುತ್ತದೆ.

ಏಳೆಂಟು ರಿಟರ್ನ್ ಪಿನ್‌ಗಳಿರುವುದು ಇದಕ್ಕಾಗಿಯೇ. ಕನೆಕ್ಟರ್ ಮಾಡಿದವರು ಪಿನ್ ಉಳಿದಿತ್ತೆಂದು ಅವನ್ನು ತುಂಬಿದ್ದಲ್ಲ. ಸೆಟ್‌ಪಾಯಿಂಟಿಗೆ ಅದರದೇ ರಿಟರ್ನ್, ಫಾರ್ವರ್ಡ್ ಮಾನಿಟರಿಗೆ ಅದರದೇ, ರಿಫ್ಲೆಕ್ಟೆಡ್ ಮಾನಿಟರಿಗೆ ಅದರದೇ ಎಂದು ಜೋಡಿ ಜೋಡಿಯಾಗಿ ತೆಗೆದುಕೊಂಡು, ಪ್ರತಿ ಜೋಡಿಯನ್ನೂ ಹೆಣೆದ ತಂತಿಯಲ್ಲಿ ತಂದು, ಕಾರ್ಡಿನಲ್ಲಿ ಡಿಫರೆನ್ಷಿಯಲ್ ಇನ್‌ಪುಟ್ಟಿಗೆ ಕೊಡಿ. ಆಗ ಕಾರ್ಡ್ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ನೋಡುತ್ತದೆ, ಎರಡೂ ಒಟ್ಟಿಗೆ ಏರಿದ್ದನ್ನು ಗಣಿಸುವುದಿಲ್ಲ. ರಿಲೇ, ದೀಪಗಳ ಕರೆಂಟು ಅಳತೆಯ ರಿಟರ್ನಿನಲ್ಲಿ ಎಂದೂ ಹರಿಯಬಾರದು. ಸಾಧ್ಯವಿದ್ದರೆ ಪೆಟ್ಟಿಗೆಯಲ್ಲಿ ಪ್ರತ್ಯೇಕ 24 ವೋಲ್ಟ್ ಸರಬರಾಜು ಇಟ್ಟು, ಜನರೇಟರಿನ 24 ವೋಲ್ಟನ್ನು ಮುಟ್ಟದೆ ಬಿಡುವುದು ಒಳ್ಳೆಯದು.

ಸ್ಥಿತಿ ಸಂಕೇತದ ಪಿನ್ ಸತ್ತಿರಲಾರದು. ಅದು ಬಹುಶಃ ಓಪನ್ ಕಲೆಕ್ಟರ್ ಮಾದರಿಯದು: ಒಳಗಿನ ಟ್ರಾನ್ಸಿಸ್ಟರ್ ತಂತಿಯನ್ನು ಸೊನ್ನೆಗೆ ಎಳೆಯಬಲ್ಲದೇ ಹೊರತು ತಾನಾಗಿ ವೋಲ್ಟೇಜು ಕೊಡಲಾರದು. ಕಾರ್ಡಿನ 5 ವೋಲ್ಟಿನಿಂದ ಆ ಪಿನ್ನಿಗೆ 10 ಕಿಲೋಓಮ್ ಕೊಟ್ಟು ನೋಡಿ. ಆರ್‌ಎಫ್ ಆರಿರುವಾಗ 5, ಹೊತ್ತಿದಾಗ ಸೊನ್ನೆಯ ಹತ್ತಿರ ಬರಬೇಕು. ತರ್ಕ ತಲೆಕೆಳಗಾಗಿದೆ ಎಂಬುದನ್ನು ಪ್ರೋಗ್ರಾಮಿನಲ್ಲಿ ಮರೆಯಬೇಡಿ. ಅದೇ ಪಿನ್ನಿಗೆ ರಿಲೇ ಸುರುಳಿಯನ್ನು ಕಟ್ಟುವುದಾದರೆ ಹಾಳೆಯಲ್ಲಿ ಬರೆದಿರುವ ಕರೆಂಟಿನ ಮಿತಿ ನೋಡಿಕೊಂಡು, ಸುರುಳಿಯ ಮೇಲೆ ಡಯೋಡ್ ಹಾಕಿಯೇ ಕಟ್ಟಬೇಕು.

ನೀವು ಕೇಳದಿದ್ದರೂ ಆರ್‌ಎಫ್ ಆನ್ ಆಜ್ಞೆಯ ಬಗ್ಗೆ ಹೇಳಬೇಕು. ಅದರಲ್ಲಿ ಎರಡು ಬಗೆಗಳಿವೆ. ಒಂದು, ನಮ್ಮ ತೋಟದ ಪಂಪ್‌ಸೆಟ್ ಸ್ಟಾರ್ಟರಿನಂತೆ ಹಸಿರು ಗುಂಡಿ ಒಮ್ಮೆ ಒತ್ತಿದರೆ ಹಿಡಿದುಕೊಳ್ಳುವುದು, ಕೆಂಪು ಒತ್ತಿದರೆ ಬಿಡುವುದು. ಇನ್ನೊಂದು, ಸಂಪರ್ಕ ಕೂಡಿರುವಷ್ಟು ಹೊತ್ತು ಮಾತ್ರ ಹೊತ್ತಿರುವುದು. ಎರಡನೆಯ ಬಗೆಯಲ್ಲಿ ತಂತಿ ಕಿತ್ತುಹೋದರೆ ಆರ್‌ಎಫ್ ಆರುತ್ತದೆ, ಅದು ಒಳ್ಳೆಯ ಗುಣ. ಆದರೆ ಕಂಪ್ಯೂಟರ್ ಯುಪಿಎಸ್ ಮೇಲಿದ್ದು ಜನರೇಟರ್ ನೇರ ಲೈನಿನ ಮೇಲಿದ್ದರೆ, ಕರೆಂಟು ಹೋಗಿ ಬಂದಾಗ ಆನ್ ಆಜ್ಞೆ ಹಾಗೇ ನಿಂತಿರುತ್ತದೆ. ಆಟೋ ಸ್ಟಾರ್ಟರ್ ಹಾಕಿದ ಬೋರ್‌ವೆಲ್ ಮೋಟಾರ್ ನಡುರಾತ್ರಿ ತಾನಾಗಿ ಓಡತೊಡಗುವುದನ್ನು ನೋಡಿದವರಿಗೆ ಇದರ ಅರ್ಥ ಬೇಗ ಆಗುತ್ತದೆ. ಸೆಟ್‌ಪಾಯಿಂಟನ್ನು ಸೊನ್ನೆಯಲ್ಲಿಟ್ಟು, ಜನರೇಟರಿನ ಮುಖ್ಯ ಸ್ವಿಚ್ ಆರಿಸಿ ಹಾಕಿ, ನಿಮ್ಮದು ಹೇಗೆ ನಡೆದುಕೊಳ್ಳುತ್ತದೆಂದು ಪರೀಕ್ಷಿಸಿ. ಸೆಟ್‌ಪಾಯಿಂಟಿಗೂ ಅದರ ರಿಟರ್ನಿಗೂ ನಡುವೆ ಒಂದು 10 ಕಿಲೋಓಮ್ ಇಟ್ಟರೆ, ಕಾರ್ಡಿನ ತಂತಿ ಕಳಚಿದಾಗ ಆ ಪಿನ್ ಅಂತರದಲ್ಲಿ ತೇಲದೆ ಸೊನ್ನೆಗೆ ಇಳಿಯುತ್ತದೆ.

ಇಂಟರ್‌ಲಾಕ್ ಕೂಡಿಸುವ ಮಾತನ್ನು ವಿದ್ಯಾರ್ಥಿಗಳಿಗೆ ಸ್ಪಷ್ಟವಾಗಿ ಬೇಡವೆನ್ನಿ. ಆರ್‌ಎಫ್ ಸುಟ್ಟ ಗಾಯ ಹೊರಗೆ ಚಿಕ್ಕದಾಗಿ ಕಂಡು ಒಳಗೆ ಆಳವಾಗಿರುತ್ತದೆ. ಮುಚ್ಚಳ ತೆರೆದಿರುವಾಗ ಟಾರ್ಗೆಟ್ಟಿನ (ಪದರಕ್ಕೆ ವಸ್ತು ಒದಗಿಸುವ ತಟ್ಟೆಯ) ಮೇಲೆ ಪವರ್ ಬಂದರೆ ಕಾಯುವವರು ಬೇರೆ ಯಾರೂ ಇಲ್ಲ.

ಪ್ಲಾಸ್ಮಾ ಹೊತ್ತಿದಾಗ ಬರುವ 0.23 ಮತ್ತು 0.60 ವೋಲ್ಟಿನ ತಪ್ಪು ಇದಲ್ಲ, ಅದು ಬೇರೆ ರೋಗ. ನಮ್ಮ ಚಿಕ್ಕಮಗಳೂರಿನ ಹ್ಯಾಮ್ (ಹವ್ಯಾಸಿ ರೇಡಿಯೋ) ಮಿತ್ರರು ಇಲ್ಲಿ ಇದ್ದರೆ ಅವರೇ ಹೇಳಲಿ.

ಉತ್ತರ: ಚಿಕ್ಕಮಗಳೂರಿನ ಹ್ಯಾಮ್

ಇದ್ದೇನೆ ಸರ್. ಮೇಡಂ, 13.56 ಮೆಗಾಹರ್ಟ್ಸ್ ನಮಗೆ ಪಕ್ಕದ ಮನೆಯಿದ್ದಂತೆ. ನಾವು ಬಳಸುವ 20 ಮೀಟರ್ ಬ್ಯಾಂಡ್ 14.000ಕ್ಕೆ ಆರಂಭವಾಗುತ್ತದೆ. ನಿಮ್ಮ ಕೇಬಲಿನಲ್ಲಿ ಆಗುತ್ತಿರುವುದು ನಮ್ಮ ಮನೆಗಳಲ್ಲಿ ಮೈಕಿನ ತಂತಿಯಲ್ಲಿ, ಪಕ್ಕದವರ ಸ್ಪೀಕರಿನಲ್ಲಿ ದಿನವೂ ಆಗುವಂಥದ್ದೇ.

13.56ರ ಅಲೆಯ ಉದ್ದ ಸುಮಾರು 22 ಮೀಟರ್, ಕಾಲು ಅಲೆ ಐದೂವರೆ ಮೀಟರ್. ಶೀಲ್ಡ್ ಇಲ್ಲದ 4 ಮೀಟರ್ ಕೇಬಲ್ ಅದಕ್ಕೆ ಹತ್ತಿರವಿರುವುದರಿಂದ ನೀವು ಅರಿಯದೆಯೇ ಒಳ್ಳೆಯ ಆಂಟೆನಾ ಕಟ್ಟಿದ್ದೀರಿ. ಅದು ಹಿಡಿದ ಆರ್‌ಎಫ್ ಕಾರ್ಡಿನ ಇನ್‌ಪುಟ್ ಆಂಪ್ಲಿಫೈಯರಿಗೆ ಹೋಗುತ್ತದೆ. ಅಲ್ಲಿಯ ಟ್ರಾನ್ಸಿಸ್ಟರ್ ಸಂಧಿ 13 ಮೆಗಾಹರ್ಟ್ಸ್ ವೇಗವನ್ನು ಆಂಪ್ಲಿಫೈಯರಾಗಿ ಹಿಂಬಾಲಿಸಲಾರದೆ, ಹಳೆಯ ಕ್ರಿಸ್ಟಲ್ ರೇಡಿಯೋದ ಡಯೋಡಿನಂತೆ ಅದನ್ನು ಡಿಸಿಯಾಗಿ ಮಾರ್ಪಡಿಸುತ್ತದೆ. ಆ ಡಿಸಿಯನ್ನೇ ನೀವು ಪವರ್ ಎಂದು ದಾಖಲಿಸುತ್ತಿದ್ದೀರಿ. ಪವರ್ ಮೂರು ಪಟ್ಟಾದಾಗ ತಪ್ಪು 0.23ರಿಂದ 0.60ಕ್ಕೆ, ಅಂದರೆ ಸುಮಾರು 2.6 ಪಟ್ಟಾಗಿದೆ. ಕೇಬಲಿನ ಆರ್‌ಎಫ್ ವೋಲ್ಟೇಜಿನಂತೆಯೇ ಏರಿದ್ದರೆ 1.7 ಪಟ್ಟು ಆಗಬೇಕಿತ್ತು. ಸಣ್ಣ ಸಂಕೇತಕ್ಕೆ ಡಯೋಡ್ ಕೊಡುವ ಡಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮೂರರ ಹತ್ತಿರ ಬಂದಿದೆ. ಮಲ್ಟಿಮೀಟರೂ ಅದನ್ನೇ ತೋರಿಸಿತೆಂದು ನಂಬಬೇಡಿ. ಅದರ ಎರಡು ಉದ್ದ ತಂತಿಗಳೂ ಆಂಟೆನಾಗಳೇ, ಅದೂ ಅದೇ ಸುಳ್ಳನ್ನು ಹೇಳುತ್ತಿದೆ.

ಅರ್ಥಿಂಗ್ ಗುಂಡಿಯ ಬಗ್ಗೆ ಬೇಸರ ಬೇಡ, 50 ಹರ್ಟ್ಸ್ ಶಾಕಿಗೂ ನಮ್ಮ ಕಡೆಯ ಗುಡುಗು ಸಿಡಿಲಿಗೂ ಅದು ಬೇಕೇಬೇಕು. ಆದರೆ ಆರ್‌ಎಫ್‌ಗೆ ಅದು ಕಾಣುವುದೇ ಇಲ್ಲ. 10 ಸೆಂಟಿಮೀಟರ್ ತಂತಿಯ ಇಂಡಕ್ಟನ್ಸ್ ಸುಮಾರು 100 ನ್ಯಾನೋಹೆನ್ರಿ, 13.56ರಲ್ಲಿ ಅದು 8.5 ಓಮ್. ಇದೇ ಲೆಕ್ಕವನ್ನು 10 ಮೀಟರಿಗೆ ಹಿಗ್ಗಿಸಿದರೆ 850 ಓಮ್ ಆಗುತ್ತದೆ. ಕಾಲು ಅಲೆಯನ್ನು ದಾಟಿದ ತಂತಿಯಾದ್ದರಿಂದ ನಿಜವಾದ ಅಂಕಿ ಬೇರೆಯೇ ಇರುತ್ತದೆ, ಆದರೆ ಸೊನ್ನೆಯಂತೂ ಅಲ್ಲ. ಆರ್‌ಎಫ್‌ಗೆ ಬೇಕಾದದ್ದು ಜನರೇಟರ್, ಮ್ಯಾಚಿಂಗ್ ಪೆಟ್ಟಿಗೆ (ಪ್ಲಾಸ್ಮಾವನ್ನು ಜನರೇಟರಿಗೆ ಹೊಂದಿಸುವಂಥದ್ದು), ಚೇಂಬರ್ ಈ ಮೂರನ್ನೂ ಒಂದಕ್ಕೊಂದು ಕಟ್ಟುವ ಅಗಲವಾದ, ಗಿಡ್ಡನೆಯ ತಾಮ್ರದ ಪಟ್ಟಿ.

ಅದೇ 8.5 ಓಮ್‌ನ ಕಾರಣಕ್ಕೆ, ಹೊಸ ಕೇಬಲಿನ ಶೀಲ್ಡನ್ನು ಜಡೆಯಂತೆ ತಿರುಚಿ ಒಂದು ಪಿನ್ನಿಗೆ ಬೆಸೆಯಬೇಡಿ. ಲೋಹದ ಹುಡ್ (ಕನೆಕ್ಟರಿನ ಕವಚ) ತಂದು, ಶೀಲ್ಡ್ ಅದರ ಕ್ಲಾಂಪಿನಲ್ಲಿ ಸುತ್ತಲೂ ಕಚ್ಚುವಂತೆ ಕೂರಿಸಿ, ಎರಡೂ ತುದಿಗಳಲ್ಲಿ. ಪ್ಲಾಸ್ಟಿಕ್ ಹುಡ್ ಅಗ್ಗವೆಂದು ತಂದರೆ ಶೀಲ್ಡ್ ಇದ್ದೂ ಇಲ್ಲದಂತೆ. ನಂತರ 31 ಅಥವಾ 43 ಎಂದು ಗುರುತಿಸುವ ಮಿಶ್ರಣದ ದೊಡ್ಡ ಫೆರೈಟ್ ಉಂಗುರದೊಳಗೆ ಕೇಬಲನ್ನು ನಾಲ್ಕೈದು ಸುತ್ತು ಹಾಯಿಸಿ. ಒಂದೇ ಸಲ ತೂರಿಸಿದರೆ ಈ ಆವರ್ತನದಲ್ಲಿ ಹೆಚ್ಚು ಉಪಯೋಗವಿಲ್ಲ. ತಡೆ ಸುತ್ತುಗಳ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹುಡ್ ಉಂಗುರದೊಳಗೆ ತೂರುವುದಿಲ್ಲವಾದ್ದರಿಂದ ಬೆಸುಗೆಗೆ ಕೂರುವ ಮೊದಲೇ ಸುತ್ತಿಕೊಳ್ಳಬೇಕು. ಇದನ್ನು ನಾನು ಎರಡು ಸಲ ಮರೆತಿದ್ದೇನೆ. ಕೊನೆಗೆ ಕಾರ್ಡಿನ ಪ್ರತಿ ಇನ್‌ಪುಟ್ಟಿನಲ್ಲೂ 1 ಕಿಲೋಓಮ್ ಮತ್ತು 100 ನ್ಯಾನೋಫ್ಯಾರಡ್ ಇಟ್ಟರೆ 1.6 ಕಿಲೋಹರ್ಟ್ಸ್‌ನಿಂದ ಮೇಲಿನದೆಲ್ಲ ಇಳಿಯುತ್ತದೆ, ಕೆಪಾಸಿಟರಿನ ಕಾಲುಗಳನ್ನು ಗಿಡ್ಡ ಕತ್ತರಿಸಿದರೆ ಮಾತ್ರ.

ಇಷ್ಟೆಲ್ಲ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡೋಣ. ನನ್ನ ಬಳಿ ಎಣ್ಣೆ ತುಂಬಿದ ಡಬ್ಬಿಯ 50 ಓಮ್ ಡಮ್ಮಿ ಲೋಡ್, ಅಂದರೆ ಪವರನ್ನು ಶಾಖವಾಗಿ ನುಂಗುವ ರೋಧಕ, ಇದೆ. ಪ್ಲಾಸ್ಮಾದ ಬದಲು ಅದಕ್ಕೆ ಪವರ್ ಕೊಟ್ಟರೆ ಆರ್‌ಎಫ್ ಎಲ್ಲ ಡಬ್ಬಿಯೊಳಗೇ ಉಳಿಯುತ್ತದೆ. ಆಗ ನಿಮ್ಮ ತಪ್ಪು ಮಾಯವಾಗಿ ಮೈನಸ್ 0.02 ಮಾತ್ರ ಉಳಿದರೆ ನಾವಿಬ್ಬರೂ ಹೇಳಿದ್ದು ಸರಿ. ಬಸ್ಸಿನ ಪಾರ್ಸೆಲ್ಲಿಗೆ ಹಾಕಿದರೆ ಎಣ್ಣೆ ಚೆಲ್ಲುತ್ತದೆ. 60 ಕಿಲೋಮೀಟರ್ ತಾನೇ, ಶನಿವಾರ ಹಾಸನಕ್ಕೆ ಬರುವವನಿದ್ದೇನೆ, ಕಾರಿನಲ್ಲಿ ತರುತ್ತೇನೆ. ಜನರೇಟರಿನ ಔಟ್‌ಪುಟ್ ಯಾವ ಕನೆಕ್ಟರ್ ಎಂದು ತಿಳಿಸಿ, ಅಡಾಪ್ಟರ್ ಹುಡುಕಿಡುತ್ತೇನೆ.

ಉತ್ತರ: ಚನ್ನರಾಯಪಟ್ಟಣದವನು, ಈಗ ಪೀಣ್ಯದಲ್ಲಿ

ನಾನು ಲೇಪನದ ಕಾರ್ಖಾನೆಯೊಂದರಲ್ಲಿ ಇಂಥದೇ ಜನರೇಟರುಗಳನ್ನು ನೋಡಿಕೊಳ್ಳುತ್ತೇನೆ. ಮೇಲಿನವರು ಹೇಳಿದ್ದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಹೊಸ ಕೇಬಲ್ ಬೆಸೆಯುವಾಗ ಪಿನ್ ಸಂಖ್ಯೆಯನ್ನು ಕನೆಕ್ಟರಿನ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿರುವ ಸಣ್ಣ ಅಂಕಿಯಿಂದಲೇ ಓದಬೇಕು. ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿದರೆ ಕಾಣುತ್ತದೆ. ಹಾಳೆಯ ಚಿತ್ರ ಜನರೇಟರಿನ ಹೊರಗಿನಿಂದ ನೋಡಿದ್ದೋ, ಬೆಸುಗೆಯ ಕಡೆಯಿಂದ ನೋಡಿದ್ದೋ ಎಂಬುದು ಬಹಳ ಸಲ ಬರೆದಿರುವುದಿಲ್ಲ. ಕನ್ನಡಿಯಲ್ಲಿ ನೋಡಿದಂತೆ ಬೆಸೆದರೆ 1 ಇರಬೇಕಾದಲ್ಲಿ 13, 14 ಇರಬೇಕಾದಲ್ಲಿ 25 ಬರುತ್ತದೆ, 7ನೇ ಪಿನ್ ಮಾತ್ರ ತನ್ನ ಜಾಗದಲ್ಲೇ ಉಳಿಯುತ್ತದೆ. ಹೊಸದಾಗಿ ಸೇರಿದಾಗ ನಾನು ಹೀಗೆ ಮಾಡಿ, 7ನೇ ಪಿನ್ ಒಂದನ್ನೇ ಪರೀಕ್ಷಿಸಿ ಎಲ್ಲ ಸರಿಯಿದೆಯೆಂದು ಪ್ಲಗ್ ಚುಚ್ಚಿ, 24 ವೋಲ್ಟನ್ನು ಮಾನಿಟರ್ ಔಟ್‌ಪುಟ್ಟಿಗೆ ಕೊಟ್ಟಿದ್ದೆ. ಆ ಬೋರ್ಡ್ ರಿಪೇರಿಯಾಗಿ ಬರಲು ಒಂದೂವರೆ ತಿಂಗಳಾಯಿತು. ಇನ್ನೊಂದು ತಯಾರಕರ, ಅಥವಾ ಅದೇ ತಯಾರಕರ ಇನ್ನೊಂದು ಮಾದರಿಯ ಪಿನ್ ಪಟ್ಟಿಯನ್ನು ಎಲ್ಲಿಂದಲೋ ತಂದು ಅನ್ವಯಿಸಲೂಬಾರದು. 25 ಪಿನ್ ಎಂಬುದಷ್ಟೇ ಸಮಾನ, ಒಳಗಿನ ಹಂಚಿಕೆ ಬೇರೆ ಬೇರೆ.

ಎರಡನೆಯದು, ಇಂಟರ್‌ಲಾಕ್ ಯಾವ ಸ್ವಿಚ್ಚಿನಿಂದ ಬಿಡುತ್ತಿದೆಯೆಂದು ತಿಳಿಯಲು ಪ್ರತಿ ಸ್ವಿಚ್ಚಿಗೂ ಅಡ್ಡಲಾಗಿ ಒಂದು ಎಲ್‌ಇಡಿ ಮತ್ತು 2.2 ಕಿಲೋಓಮ್ ಹಾಕಿ. ತೆರೆದುಕೊಂಡ ಸ್ವಿಚ್ಚಿನ ಎಲ್‌ಇಡಿ ಬೆಳಗುತ್ತದೆ. ಖರ್ಚು ಹತ್ತು ರೂಪಾಯಿ.

ಉತ್ತರ: ಬೇಲೂರು ರಸ್ತೆಯ ನಿವೃತ್ತ

ಪಿನ್ ಸಂಖ್ಯೆಯ ಮಾತು ನೂರಕ್ಕೆ ನೂರು ಒಪ್ಪಿದೆ. ಎಲ್‌ಇಡಿಯನ್ನು ಮಾತ್ರ ಹಾಗೆ ಹಾಕಬೇಡಿ ಮೇಡಂ. ಪೀಣ್ಯದ ತಮ್ಮ ಬೇಸರಿಸಬಾರದು, ನಾನೂ ಒಂದು ಕಾಲದಲ್ಲಿ ಹಾಗೇ ಹಾಕಿದವನು.

ಸ್ವಿಚ್ ತೆರೆದಾಗ ಎಲ್‌ಇಡಿ ಬೆಳಗಬೇಕಾದರೆ ಕರೆಂಟು ಎಲ್ಲಿಂದಲೋ ಹರಿಯಬೇಕಲ್ಲ, ಅದು ಹರಿಯುವುದು ರಿಲೇಯ ಸುರುಳಿಯ ಮೂಲಕವೇ. 24 ವೋಲ್ಟಿನಲ್ಲಿ ಎಲ್‌ಇಡಿಗೆ 2 ಕಳೆದರೆ 22, ಅದನ್ನು 2200 ಮತ್ತು 600 ಓಮ್‌ಗಳಿಂದ ಭಾಗಿಸಿದರೆ ಸುಮಾರು 8 ಮಿಲಿಆಂಪಿಯರ್, ಸುರುಳಿಯ ಮೇಲೆ 4.7 ವೋಲ್ಟ್. ರಿಲೇ ಎಳೆಯಲು ಹೆಚ್ಚು ವೋಲ್ಟೇಜು ಬೇಕು, ಆದರೆ ಒಮ್ಮೆ ಎಳೆದದ್ದು ಬಿಡುವುದು ಬಹಳ ಕೆಳಗೆ. 24 ವೋಲ್ಟಿನ ರಿಲೇ 2.4 ವೋಲ್ಟಿಗೆ ಇಳಿದರೆ ಬಿಟ್ಟೇ ಬಿಡುತ್ತದೆಂದು ತಯಾರಕರು ಸಾಮಾನ್ಯವಾಗಿ ಮಾತು ಕೊಡುತ್ತಾರೆಯೇ ಹೊರತು 4.7ರಲ್ಲಿ ಬಿಡುತ್ತದೆಂದು ಅಲ್ಲ. ಹಾಗಾಗಿ ಮುಚ್ಚಳ ತೆರೆದರೂ ರಿಲೇ ಹಿಡಿದುಕೊಂಡೇ ಇರಬಹುದು. ಎಲ್‌ಇಡಿ ಚೆನ್ನಾಗಿ ಬೆಳಗುತ್ತಿರುತ್ತದೆ, ಆರ್‌ಎಫ್ ಕೂಡ ಹೊತ್ತಿರುತ್ತದೆ.

ಇದರ ಬದಲು ಪೆಟ್ಟಿಗೆಯ ಸ್ವಂತ 24 ವೋಲ್ಟಿನಲ್ಲಿ ನಿರ್ವಾತಕ್ಕೊಂದು, ನೀರಿಗೊಂದು ರಿಲೇ ಇಡಿ, ಎರಡು ಜೋಡಿ ಸಂಪರ್ಕಗಳಿರುವಂಥದ್ದು. ಒಂದು ಜೋಡಿ ಇಂಟರ್‌ಲಾಕಿನ ಸರಣಿಗೆ, ಇನ್ನೊಂದು ಜೋಡಿ ಕಾರ್ಡಿನ ಡಿಜಿಟಲ್ ಇನ್‌ಪುಟ್ಟಿಗೆ. ಮುಚ್ಚಳಕ್ಕೆ ಮಾತ್ರ ರಿಲೇ ಬೇಡ. ರಿಲೇಯ ಸಂಪರ್ಕ ಬೆಸೆದುಕೊಂಡರೆ ಹೇಳುವವರಿಲ್ಲ. ಎರಡು ಜೋಡಿ ಸಂಪರ್ಕವಿರುವ ಸ್ವಿಚ್ಚನ್ನೇ ಮುಚ್ಚಳದ ಬಳಿ ಕೂರಿಸಿ, ಒಂದು ಜೋಡಿಯನ್ನು ನೇರವಾಗಿ ಇಂಟರ್‌ಲಾಕಿನ ಸರಣಿಗೆ ತನ್ನಿ. ನನ್ನ ಅನುಮಾನ ನೀರಿನ ಮೇಲಿದೆ, ಬೆಳಗಿನ ಹೊತ್ತು ಎಂದು ನೀವು ಬರೆದದ್ದರಿಂದ.

ಪ್ರಶ್ನೆ ಕೇಳಿದವರಿಂದ, ಎರಡು ವಾರಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಚಿಕ್ಕಮಗಳೂರಿನ ಸರ್ ಡಮ್ಮಿ ಲೋಡ್ ತಂದು, ಮಧ್ಯಾಹ್ನ ಪೂರ್ತಿ ನಮ್ಮೊಡನೆ ಕುಳಿತರು. ಹಳೆಯ ಕೇಬಲನ್ನು ಹಾಗೇ ಇಟ್ಟು ಡಬ್ಬಿಗೆ ಪವರ್ ಕೊಟ್ಟಾಗ 100 ವಾಟ್‌ಗೆ 1.65 ವೋಲ್ಟ್, 300 ವಾಟ್‌ಗೆ 4.98 ವೋಲ್ಟ್ ಬಂತು. ಎರಡರಲ್ಲೂ ಕಡಿಮೆಯಾಗಿದ್ದದ್ದು ಆ ರಿಟರ್ನ್ ತಂತಿಯ 0.02 ಮಾತ್ರ. ಮತ್ತೆ ಪ್ಲಾಸ್ಮಾಗೆ ಜೋಡಿಸಿದೊಡನೆ 1.90ಕ್ಕೆ ಹಾರಿತು. ಅರ್ಥಿಂಗ್ ಸಾಲದೆಂದಿದ್ದ ಎಲೆಕ್ಟ್ರಿಷಿಯನ್ ಅಲ್ಲೇ ನಿಂತು ನೋಡುತ್ತಿದ್ದು, ಎರಡೂ ಅಂಕಿಗಳನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಬೆಂಗಳೂರಿನ ಎಸ್.ಪಿ. ರೋಡಿನಿಂದ ಜೋಡಿ ಹೆಣಿಗೆಯ ಶೀಲ್ಡ್ ಕೇಬಲ್, ಲೋಹದ ಹುಡ್‌ಗಳು, ಎರಡು ಉಂಗುರ ತರಿಸಿದೆವು. ಉಂಗುರಕ್ಕೆ ಸುತ್ತುವುದನ್ನು ಬೆಸುಗೆಗೆ ಮೊದಲೇ ನೆನಪಿಟ್ಟುಕೊಂಡೆವು. ಪ್ರತಿ ಸಂಕೇತಕ್ಕೂ ಅದರದೇ ರಿಟರ್ನ್ ಕೊಟ್ಟು, ಡಿಫರೆನ್ಷಿಯಲ್ ಇನ್‌ಪುಟ್ಟಿಗೆ ಬದಲಾಯಿಸಿ, ಪೆಟ್ಟಿಗೆಗೆ ಬೇರೆ 24 ವೋಲ್ಟ್ ಸರಬರಾಜು ಹಾಕಿದ ಮೇಲೆ ಪ್ಲಾಸ್ಮಾ ಹೊತ್ತಿರುವಾಗಲೇ 100 ವಾಟ್‌ಗೆ 1.67, 300 ವಾಟ್‌ಗೆ 5.00 ವೋಲ್ಟ್ ಬರುತ್ತಿದೆ. ಮುಚ್ಚಳ ತೆರೆದರೂ ಮುಚ್ಚಿದರೂ ಸೊನ್ನೆ ಕದಲುವುದಿಲ್ಲ. ಹಿಂದೆ 100 ವಾಟ್ ಕೇಳಿದರೆ ಪ್ಯಾನೆಲ್ 101 ಅಥವಾ 102 ತೋರಿಸುತ್ತಿದ್ದುದೂ ನಿಂತಿದೆ. ಅದನ್ನು ಜನರೇಟರಿನ ಹಳೆತನವೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೆವು. ಸ್ಥಿತಿ ಸಂಕೇತಕ್ಕೆ 10 ಕಿಲೋಓಮ್ ಕೊಟ್ಟ ಕೂಡಲೇ ಜೀವ ಬಂತು. ನಮ್ಮ ಆರ್‌ಎಫ್ ಆನ್ ಆಜ್ಞೆ ಎರಡನೆಯ ಬಗೆಯದೆಂದೂ ತಿಳಿಯಿತು, ಮತ್ತು ಕರೆಂಟು ಹೋಗಿ ಬಂದಾಗ ನಿಜವಾಗಿಯೂ ತಾನಾಗಿ ಹೊತ್ತಿಕೊಳ್ಳುತ್ತದೆ. ಸ್ಥಿತಿ ಸಂಕೇತ ಒಮ್ಮೆ ಆರಿದರೆ ಆನ್ ಆಜ್ಞೆಯನ್ನು ಹಿಂತೆಗೆದು ಸೆಟ್‌ಪಾಯಿಂಟನ್ನು ಸೊನ್ನೆಗೆ ತರುವಂತೆ ಪ್ರೋಗ್ರಾಮು ಬದಲಾಯಿಸಿದ್ದೇವೆ.

ಇಂಟರ್‌ಲಾಕಿನಲ್ಲಿ ತಪ್ಪು ನೀರಿನದೇ. ದಾಖಲೆಯಲ್ಲಿ ಬೆಳಗ್ಗೆ ಒಂಬತ್ತೂಕಾಲರ ಆಸುಪಾಸಿನಲ್ಲಿ ಹರಿವಿನ ಸಂಪರ್ಕ ಒಂದು ಸೆಕೆಂಡಿಗೂ ಕಡಿಮೆ ಹೊತ್ತು ತೆರೆದು ಮುಚ್ಚಿರುವುದು ನಾಲ್ಕು ದಿನ ಸಾಲಾಗಿ ಕಾಣಿಸಿತು. ಅದೇ ಹೊತ್ತಿಗೆ ಮೇಲಿನ ಮಹಡಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ತರಗತಿ ಶುರುವಾಗಿ ನಲ್ಲಿಗಳೆಲ್ಲ ತೆರೆಯುತ್ತವೆ. ಸ್ವಿಚ್ ಬಿಚ್ಚಿದಾಗ ಅದರ ರೆಕ್ಕೆಯ ಮೇಲೆ ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಉಗುರಿನ ದಪ್ಪ ಕಟ್ಟಿತ್ತು. ತೊಳೆದು ಕೂರಿಸಿ, ತಂಪು ನೀರಿಗೆ ಪ್ರತ್ಯೇಕ ಸಣ್ಣ ಟ್ಯಾಂಕು ಮತ್ತು ಪಂಪ್ ಇಟ್ಟ ಮೇಲೆ ನಾಲ್ಕು ಗಂಟೆಯ ಓಟ ಎರಡು ಸಲ ತಡೆಯಿಲ್ಲದೆ ಮುಗಿದಿದೆ.

ಒಂದು ಮಾತ್ರ ಉಳಿದಿದೆ. ರಿಫ್ಲೆಕ್ಟೆಡ್ ಪವರ್ ಪ್ಯಾನೆಲ್ಲಿನಲ್ಲಿ 2 ವಾಟ್ ಇರುವಾಗ ಮಾನಿಟರ್ ಈಗ 0.10 ವೋಲ್ಟ್ ತೋರಿಸುತ್ತಿದೆ. ವೋಲ್ಟಿಗೆ 60ರಂತೆ ಅದು 6 ವಾಟ್. ಇಲ್ಲಿ ಇನ್ನೂ ಆರ್‌ಎಫ್ ನುಸುಳುತ್ತಿದೆಯೇ?

ಉತ್ತರ: ಬೇಲೂರು ರಸ್ತೆಯ ನಿವೃತ್ತ

ನುಸುಳುತ್ತಿರಲಾರದು, ಅಳಿಸಿಹೋದ ಸಾಲಿನ ಕರಾಮತ್ತಿರಬೇಕು. ರಿಫ್ಲೆಕ್ಟೆಡ್ ಮಾನಿಟರಿನ ಪೂರ್ಣ ಪ್ರಮಾಣ ಫಾರ್ವರ್ಡಿನದೇ ಇರಬೇಕೆಂಬ ನಿಯಮವಿಲ್ಲ. ಸಣ್ಣ ಅಂಕಿಗಳು ಚೆನ್ನಾಗಿ ಕಾಣಲೆಂದು ಕಡಿಮೆ ಇಟ್ಟಿರುವುದುಂಟು. 100 ವಾಟ್ ಫಾರ್ವರ್ಡಿನಲ್ಲಿ ನಿಂತು, ಮ್ಯಾಚಿಂಗ್ ಪೆಟ್ಟಿಗೆಯ ಒಂದು ಕೆಪಾಸಿಟರನ್ನು ಬೇಕೆಂದೇ ಸ್ವಲ್ಪ ಕೆಡಿಸಿ, ಪ್ಯಾನೆಲ್ಲಿನಲ್ಲಿ 20 ಮತ್ತು 40 ವಾಟ್ ರಿಫ್ಲೆಕ್ಟೆಡ್ ಬರುವಂತೆ ಮಾಡಿ ಎರಡೂ ಕಡೆ ವೋಲ್ಟೇಜು ಬರೆದುಕೊಳ್ಳಿ. ಹೆಚ್ಚು ಹೊತ್ತು ಹಾಗೆ ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

20 ವಾಟ್‌ಗೆ 1.00, 40 ವಾಟ್‌ಗೆ 2.00 ವೋಲ್ಟ್ ಬಂತು ಸರ್. ವೋಲ್ಟಿಗೆ 20 ವಾಟ್, ಪೂರ್ಣ ಪ್ರಮಾಣ 200. ಜೆರಾಕ್ಸ್ ಹಾಳೆಯ ಮಡಿಕೆಯಲ್ಲಿ ಅದನ್ನು ಪೆನ್ನಿನಿಂದ ಬರೆದು, ಇನ್ನೊಂದು ಪ್ರತಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಜನರೇಟರಿನ ಬದಿಗೆ ಅಂಟಿಸಿದ್ದೇವೆ.